ಒದೆಯುವ ಮುಂಚಿನ ಎರಡು ಸೆಕೆಂಡ್: ಸ್ಟ್ರೈಕರ್‌ಗಳಿಗೆ ಫಿನಿಶಿಂಗ್ ಕಲಿಸುವ ಬಗೆ

ಸಂಜೆ ಹೊತ್ತು ಯಾವ ಫುಟ್‌ಬಾಲ್ ಮೈದಾನಕ್ಕೆ ಹೋದರೂ ಬಹುಮಟ್ಟಿಗೆ ಒಂದೇ ನೋಟ. ಬಾಕ್ಸಿನ (ಗೋಲಿನ ಮುಂದಿನ ಪೆನಾಲ್ಟಿ ಆವರಣದ) ಅಂಚಿನಲ್ಲಿ ಹದಿನಾಲ್ಕು ಮಕ್ಕಳ ಸಾಲು. ಮುಂದಿದ್ದವನು ಕೋಚ್‌ಗೆ ಪಾಸ್ ಕೊಡುತ್ತಾನೆ, ಕೋಚ್ ಚೆಂಡನ್ನು ಪಕ್ಕಕ್ಕೆ ತಳ್ಳುತ್ತಾರೆ, ಹುಡುಗ ಓಡಿ ಬಂದು ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಒದೆಯುತ್ತಾನೆ, ಚೆಂಡು ಕ್ರಾಸ್‌ಬಾರ್ ಮೇಲಿಂದ ಹಾರಿ ಕಾಂಪೌಂಡಿನಾಚೆ ಬೀಳುತ್ತದೆ. ಅದನ್ನು ತರಲು ಒಬ್ಬ ಓಡುತ್ತಾನೆ. ಒಬ್ಬೊಬ್ಬರಿಗೆ 20 ಸೆಕೆಂಡ್ ಅಂತ ಇಟ್ಟರೂ ಸರದಿ ಮತ್ತೆ ಬರಲು 4 ನಿಮಿಷ 40 ಸೆಕೆಂಡ್ ಬೇಕು. ನಲವತ್ತು ನಿಮಿಷದಲ್ಲಿ ಒಬ್ಬನ ಪಾಲಿಗೆ ಎಂಟು ಹೊಡೆತ. ಆ ಎಂಟೂ ಮ್ಯಾಚಿನಲ್ಲಿ ಸಿಗುವಂಥವಲ್ಲ: ಬೆನ್ನಿಗೆ ಡಿಫೆಂಡರ್ ಇರುವುದಿಲ್ಲ, ಚೆಂಡು ಎಲ್ಲಿಂದ ಬರುತ್ತದೆಂದು ಮೊದಲೇ ಗೊತ್ತು, ಯೋಚಿಸಲು ಬೇಕಾದಷ್ಟು ಹೊತ್ತು.

ಗೋಲಿನ ಮುಂದೆ ಚಾನ್ಸ್ ಕಳೆದುಕೊಳ್ಳುವ ಆಟಗಾರನನ್ನು ಗಮನವಿಟ್ಟು ನೋಡಿದರೆ, ತಪ್ಪು ನಡೆದಿರುವುದು ಒದೆಯುವುದಕ್ಕೆ ಒಂದೆರಡು ಸೆಕೆಂಡ್ ಮೊದಲೇ. ಕೀಪರ್ ಎಲ್ಲಿದ್ದಾನೆಂದು ನೋಡಿರುವುದಿಲ್ಲ, ಮೊದಲ ಟಚ್ ಕಾಲಡಿಯಲ್ಲೇ ಸಿಕ್ಕಿಕೊಂಡಿರುತ್ತದೆ, ಇಲ್ಲವೇ ಚೆಂಡು ಬರುವ ಮುಂಚೆಯೇ ಓಡಿ ಜಾಗ ದಾಟಿ ನಿಂತಿರುತ್ತಾನೆ. ಕಲಿಸಬೇಕಾದ್ದು ಆ ಎರಡು ಸೆಕೆಂಡನ್ನು. ಈ ಬರಹ 13ರಿಂದ 18 ವಯಸ್ಸಿನ ಹುಡುಗ ಹುಡುಗಿಯರಿಗೆ ಫಿನಿಶಿಂಗ್, ಅಂದರೆ ಚಾನ್ಸನ್ನು ಗೋಲಾಗಿಸುವುದನ್ನು, ನಮ್ಮ ಮಣ್ಣಿನ ಮೈದಾನಗಳಲ್ಲಿ ಕಲಿಸುವವರಿಗಾಗಿ.

ಮೊದಲು ಜಾಗದ ಲೆಕ್ಕ

ಗೋಲು 7.32 ಮೀಟರ್ ಅಗಲ, 2.44 ಮೀಟರ್ ಎತ್ತರ. ಪೆನಾಲ್ಟಿ ಚುಕ್ಕೆಯ ಮೇಲೆ, ಅಂದರೆ 11 ಮೀಟರ್ ದೂರದಲ್ಲಿ ನಿಂತವನಿಗೆ ಎರಡು ಪೋಸ್ಟ್‌ಗಳ ನಡುವೆ ಸುಮಾರು 37 ಡಿಗ್ರಿ ತೆರೆದಿರುತ್ತದೆ. ನೇರ ಹಿಂದೆ ಸರಿದು ಬಾಕ್ಸಿನ ಅಂಚಿಗೆ (16.5 ಮೀಟರ್) ಹೋದರೆ ಅದು 25 ಡಿಗ್ರಿಗೆ ಇಳಿಯುತ್ತದೆ. ಮುಂದೆ ಬಂದು 5.5 ಮೀಟರಿನಲ್ಲಿ ನಿಂತರೆ 67. ಆದರೆ ಅದೇ 5.5 ಮೀಟರ್ ಗೆರೆಯ ಮೇಲೆ ಸಣ್ಣ ಬಾಕ್ಸಿನ (ಗೋಲಿನ ಮುಂದಿನ ಒಳ ಆವರಣದ) ಮೂಲೆಗೆ ಸರಿದರೆ ಉಳಿಯುವುದು 22 ಡಿಗ್ರಿ ಮಾತ್ರ. ಗೋಲಿಗೆ ಅಷ್ಟು ಹತ್ತಿರವಿದ್ದರೂ ಬಾಕ್ಸಿನ ಅಂಚಿನ ನಡುಮಧ್ಯಕ್ಕಿಂತ ಕಿರಿದು! ಇದನ್ನು ಬಾಯಲ್ಲಿ ಹೇಳಿದರೆ ಮಕ್ಕಳಿಗೆ ನಾಟುವುದಿಲ್ಲ. ಎರಡು ಪೋಸ್ಟ್‌ಗೂ ಒಂದೊಂದು ಹಗ್ಗ ಕಟ್ಟಿ, ತುದಿಗಳನ್ನು ಆಟಗಾರನ ಕೈಗೆ ಕೊಟ್ಟು ಈ ನಾಲ್ಕು ಜಾಗಗಳಲ್ಲಿ ನಿಲ್ಲಿಸಿ. ಹತ್ತು ನಿಮಿಷದ ಪಾಠ, ವರ್ಷಗಟ್ಟಲೆ ಮರೆಯುವುದಿಲ್ಲ.

ಈಗ ಸಣ್ಣ ಬಾಕ್ಸಿನ ಎರಡೂ ಪಕ್ಕದ ಗೆರೆಗಳನ್ನು ಗೋಲ್‌ಲೈನಿನಿಂದ 14 ಮೀಟರ್‌ವರೆಗೆ ಎಳೆದು ಒಂದು ಆಯ ಮಾಡಿ. 18 ಮೀಟರ್ ಅಗಲ, 14 ಮೀಟರ್ ಉದ್ದ. ಫಿನಿಶಿಂಗ್ ಪ್ರ್ಯಾಕ್ಟೀಸಿನ ಐದರಲ್ಲಿ ನಾಲ್ಕು ಪಾಲು ಇದರೊಳಗೇ ನಡೆಯಲಿ. ಗೆರೆಗೆ ಚಾಕ್ ಪುಡಿ ಬಳಸಿ; ಸುಟ್ಟ ಸುಣ್ಣದ ಪುಡಿ ಬೇಡ, ಬಿದ್ದವನ ಕಣ್ಣಿಗೆ ಹೋದರೆ ಸುಡುತ್ತದೆ, ಬೆವರಿದ ಚರ್ಮವನ್ನೂ ಬಿಡುವುದಿಲ್ಲ.

ಬೇಕಾದ್ದು ಹೆಚ್ಚೇನಿಲ್ಲ: ಹನ್ನೆರಡು ಚೆಂಡು, ಎಂಟು ತಟ್ಟೆ ಕೋನ್, ಎರಡು ಬಣ್ಣದ ಬಿಬ್ (ತಂಡ ಗುರುತಿಸಲು ಹಾಕುವ ಮೇಲಂಗಿ). 13 ದಾಟಿದವರಿಗೆ 5ನೇ ಸೈಜ್, ಅದಕ್ಕಿಂತ ಚಿಕ್ಕವರಿಗೆ 4. ಗಾಳಿಯ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ನಿಯಮದ ಪ್ರಕಾರ 8.5ರಿಂದ 15.6 ಪಿಎಸ್‌ಐ ಇರಬಹುದು. ಬಿಸಿಲಿಗೆ ಒಣಗಿ ಕಲ್ಲಾದ ನೆಲದಲ್ಲಿ 8.5-9 ಸಾಕು. ಗಟ್ಟಿ ತುಂಬಿದ ಚೆಂಡು ಪ್ರತಿ ಉಬ್ಬಿಗೂ ಪುಟಿಯುತ್ತದೆ, ಆಮೇಲೆ ಹುಡುಗನಿಗೆ ಬೈದು ಪ್ರಯೋಜನವಿಲ್ಲ. ಗಟ್ಟಿ ಮಣ್ಣಿನ ಮೇಲೆ ಉದ್ದ ಸ್ಟಡ್ ಇರುವ ಬೂಟು ಹಿಮ್ಮಡಿ ನೋವಿಗೆ ಆಹ್ವಾನ, ಜೊತೆಗೆ ಊರಿದ ಕಾಲು ಅಲುಗಾಡುತ್ತದೆ. ಚಿಕ್ಕ ಗುಬಟುಗಳಿರುವ ಟರ್ಫ್ ಶೂ ಮೇಲು.

ಊರಿದ ಕಾಲು ನೋಡಿ

ಹೊಡೆತ ಮೇಲೆ ಹಾರಿದಾಗ "ತಲೆ ಬಗ್ಗಿಸೋ" ಎಂದು ಕೂಗುವುದು ರೂಢಿ. ತಲೆ ಮೇಲೆದ್ದದ್ದು ರೋಗದ ಲಕ್ಷಣ. ರೋಗ ಇರುವುದು ಒದೆಯದ ಕಾಲಿನಲ್ಲಿ. ಊರಿದ ಕಾಲು ಚೆಂಡಿಗಿಂತ ಹಿಂದೆ ಬಿದ್ದರೆ, ಒದೆಯುವ ಕಾಲು ಚೆಂಡನ್ನು ಮುಟ್ಟುವಷ್ಟರಲ್ಲಿ ಮೇಲ್ಮುಖವಾಗಿ ಬೀಸುತ್ತಿರುತ್ತದೆ, ಚೆಂಡಿನ ಕೆಳಗೆ ತಗಲುತ್ತದೆ, ಸಮತೋಲಕ್ಕಾಗಿ ಎದೆ ಹಿಂದಕ್ಕೆ ವಾಲುತ್ತದೆ. ಆಗ ತಲೆ ತಾನಾಗಿ ಏಳುತ್ತದೆ.

ನಿಂತ ಚೆಂಡಿಗೆ ಕಾಲು ಊರಬೇಕಾದ್ದು ಅದರ ಪಕ್ಕದಲ್ಲಿ, ಒಂದು ಗೇಣಿಗಿಂತ ತುಸು ಕಡಿಮೆ ಅಂತರದಲ್ಲಿ, ಬೆರಳುಗಳು ಗುರಿಯತ್ತ ಮುಖ ಮಾಡಿ. ಮ್ಯಾಚಿನಲ್ಲಿ ಚೆಂಡು ನಿಂತಿರುವುದೇ ಇಲ್ಲವಲ್ಲ. ಮುಂದಕ್ಕೆ ಉರುಳಿ ಹೋಗುತ್ತಿರುವ ಚೆಂಡಾದರೆ ಕಾಲನ್ನು ಅದಕ್ಕಿಂತ ಮುಂದೆ ಊರಬೇಕು: ಕಾಲು ಬೀಸಿ ಬರುವಷ್ಟರಲ್ಲಿ ಚೆಂಡು ಪಕ್ಕಕ್ಕೆ ಬಂದಿರುತ್ತದೆ. ಎದುರಿಂದ ನಿಮ್ಮತ್ತ ಬರುತ್ತಿರುವ ಚೆಂಡಾದರೆ ತುಸು ಹಿಂದೆ. ಥ್ರೂ ಪಾಸ್ (ಡಿಫೆಂಡರ್‌ಗಳ ನಡುವಿನಿಂದ ಮುಂದಕ್ಕೆ ಬಿಟ್ಟ ಚೆಂಡು) ಬೆನ್ನಟ್ಟಿ ಹೋದ ಸ್ಟ್ರೈಕರ್ ಒಬ್ಬನೇ ಇದ್ದಾಗಲೂ ಬಾರ್ ಮೇಲೆ ಹೊಡೆಯುವುದು ಬಹುತೇಕ ಇದೇ ಕಾರಣಕ್ಕೆ. ಓಡುವ ಚೆಂಡಿಗೆ ನಿಂತ ಚೆಂಡಿನ ಲೆಕ್ಕ ಹಾಕಿರುತ್ತಾನೆ. ಊರಿದ ಕಾಲು ಚೆಂಡಿಗೆ ತೀರಾ ಅಂಟಿಕೊಂಡಿದ್ದರೆ ಒದೆಯುವ ಕಾಲಿಗೆ ಜಾಗ ಸಾಲದೆ ಹೊಡೆತ ಮೆತ್ತಗಾಗುತ್ತದೆ. ಬೆರಳು ಹೊರಕ್ಕೆ ತಿರುಗಿದ್ದರೆ ಚೆಂಡು ಪೋಸ್ಟಿನಾಚೆ.

ಕಣ್ಣಿಗೆ ಇದೆಲ್ಲ ಒಂದೇ ಕ್ಷಣದಲ್ಲಿ ಜಾರಿಹೋಗುತ್ತದೆ. ಪಕ್ಕದಿಂದ, ಮೊಣಕಾಲ ಎತ್ತರದಲ್ಲಿ ಫೋನ್ ಹಿಡಿದು ಸ್ಲೋ ಮೋಷನ್‌ನಲ್ಲಿ ಆರು ಹೊಡೆತ ಚಿತ್ರೀಕರಿಸಿ, ಆಟಗಾರನಿಗೇ ತೋರಿಸಿ. ಹೇಳುವುದು ಒಂದೇ ತಪ್ಪು. ಮೂರು ತಪ್ಪು ಒಟ್ಟಿಗೆ ಹೇಳಿದರೆ ಮುಂದಿನ ಹೊಡೆತಕ್ಕೆ ಅವನ ಕಾಲೇ ಏಳುವುದಿಲ್ಲ.

ಪಾದದ ಯಾವ ಭಾಗ? ಎಂಟು ಹತ್ತು ಮೀಟರಿನೊಳಗೆ ಪಕ್ಕದಿಂದ ಬಂದ ಚೆಂಡಿಗೆ ಒಳಬದಿ. ಬಲ ಚೆಂಡಿನಲ್ಲೇ ಇರುತ್ತದೆ, ನೀವು ದಿಕ್ಕು ಬದಲಿಸಿದರೆ ಸಾಕು, ಕಣಕಾಲು ಬಿಗಿಯಾಗಿರಲಿ. ದೂರದಿಂದ, ಅಥವಾ ಚೆಂಡು ನೇರ ಮುಂದೆ ಉರುಳುತ್ತಿದ್ದಾಗ ಲೇಸ್ ಭಾಗ, ಬೆರಳು ಕೆಳಮುಖವಾಗಿ. ಕಾಲು ಹಿಂದಕ್ಕೆ ಎತ್ತಲೂ ಜಾಗವಿಲ್ಲದಾಗ ಬೂಟಿನ ತುದಿ. ತುದಿಯಿಂದ ಚುಚ್ಚುವುದನ್ನು ನಮ್ಮಲ್ಲಿ ಗಲ್ಲಿ ಆಟವೆಂದು ಹೀಗಳೆಯುತ್ತಾರೆ. ಆದರೆ 2002ರ ವಿಶ್ವಕಪ್ ಸೆಮಿಫೈನಲಿನಲ್ಲಿ ಟರ್ಕಿಯ ವಿರುದ್ಧ ಬ್ರೆಜಿಲ್‌ನ ರೊನಾಲ್ಡೊ ಹೊಡೆದ ಏಕೈಕ ಗೋಲು ಅಂಥದ್ದೇ. ಕಾಲು ಹಿಂದಕ್ಕೆ ಹೋಗದ ಕಾರಣ ಹೊಡೆತ ಯಾವಾಗ ಬರುತ್ತದೆಂದು ಕೀಪರ್‌ಗೆ ಸುಳಿವೇ ಸಿಗುವುದಿಲ್ಲ.

ಎಲ್ಲಿಗೆ ಹೊಡೆಯಬೇಕು

ಕೆಳಕ್ಕೆ. 11 ಮೀಟರಿನಿಂದ ಗಂಟೆಗೆ 72 ಕಿಲೋಮೀಟರ್ ವೇಗದ ಚೆಂಡು ಗೋಲಿಗೆ ತಲುಪಲು 0.55 ಸೆಕೆಂಡ್ ಸಾಕು. ಅಷ್ಟರಲ್ಲಿ ಕೀಪರ್ ನೋಡಬೇಕು, ನಿರ್ಧರಿಸಬೇಕು, ಬೀಳಬೇಕು. ಸೊಂಟದೆತ್ತರದ ಚೆಂಡಿಗೆ ಕೈಗಳು ಅಲ್ಲೇ ಇರುತ್ತವೆ. ನೆಲದ ಚೆಂಡಿಗೆ ಇಡೀ ಮೈ ಕೆಳಗಿಳಿಯಬೇಕು. ಪ್ರತಿ ಪೋಸ್ಟಿನಿಂದ ಒಂದು ಮೀಟರ್ ಒಳಗೆ ಒಂದೊಂದು ಕೋನ್ ಇಡಿ, ಅದರ ಮತ್ತು ಪೋಸ್ಟಿನ ನಡುವೆ ನೆಲದ ಮೇಲೆ ಹೋದದ್ದೇ ಸರಿಯಾದ ಹೊಡೆತ. ಪೋಸ್ಟಿಗೆ ತಾಗಿದಂತೆಯೇ ಹೊಡೆಯಬೇಕೆಂದು ಹಟ ಹಿಡಿದರೆ ಅರ್ಧ ಚೆಂಡುಗಳು ಹೊರಗೆ.

ಕರ್ಣರೇಖೆಯಂತೆ ದೂರದ ಪೋಸ್ಟಿಗೆ ಹೊಡೆಯುವುದಕ್ಕೆ ಒಂದು ಲಾಭವಿದೆ. ಕೀಪರ್ ತಡೆದರೂ ಚೆಂಡು ಮತ್ತೆ ಬಾಕ್ಸಿನ ನಡುವಿಗೇ ಬೀಳುವ ಸಾಧ್ಯತೆ ಹೆಚ್ಚು, ಇನ್ನೊಬ್ಬನಿಗೆ ರೀಬೌಂಡ್ ಸಿಗುತ್ತದೆ. ಇದನ್ನು ಕಟ್ಟಳೆಯಾಗಿಸಬೇಡಿ. ಮಕ್ಕಳು ಸದಾ ದೂರದ ಪೋಸ್ಟಿಗೇ ಹೊಡೆಯುತ್ತಾರೆಂದು ಎದುರು ತಂಡದ ಕೀಪರ್‌ಗೆ ಗೊತ್ತಾದರೆ ಅವನು ಒಂದು ಹೆಜ್ಜೆ ಮುಂಚೆಯೇ ಅತ್ತ ಸರಿಯುತ್ತಾನೆ. ಆಗ ಹತ್ತಿರದ ಪೋಸ್ಟ್ ಖಾಲಿ.

ಅದನ್ನು ಕಾಣಬೇಕಾದರೆ ತಲೆ ಎತ್ತಿರಬೇಕು. ಇದಕ್ಕೆ ಗೋಲಿನ ಹಿಂದೆ ಬಣ್ಣದ ಬಿಬ್ ಎತ್ತಿ ಹಿಡಿದು "ಯಾವ ಬಣ್ಣ?" ಎಂದು ಕೇಳುವ ಆಟ ಹಲವೆಡೆ ಚಾಲ್ತಿಯಲ್ಲಿದೆ. ಮ್ಯಾಚಿನಲ್ಲಿ ಬಣ್ಣ ಹುಡುಕುವ ಕೆಲಸವಿಲ್ಲ, ಹಾಗಾಗಿ ಅದರಿಂದ ಹೆಚ್ಚೇನೂ ಸಿಗದು. ಬದಲಿಗೆ ಗೋಲಿನಲ್ಲಿ ಒಬ್ಬನನ್ನು ನಿಲ್ಲಿಸಿ. ಪಾಸ್ ಹೊರಟು ಇನ್ನೂ ದಾರಿಯಲ್ಲಿರುವಾಗ ಅವನು ಎಡಕ್ಕೋ ಬಲಕ್ಕೋ ಎರಡು ಹೆಜ್ಜೆ ಸರಿಯಲಿ. ಅವನು ಬಿಟ್ಟ ಜಾಗಕ್ಕೆ ಸ್ಟ್ರೈಕರ್ ಹೊಡೆಯಬೇಕು. ಕೆಲವೊಮ್ಮೆ ಸರಿಯದೆಯೂ ಇರಲಿ, ಊಹೆ ಹೊಡೆಯುವವರು ಆಗ ಸಿಕ್ಕಿಬೀಳುತ್ತಾರೆ. ಒಬ್ಬೊಬ್ಬರಿಗೆ ಎಂಟು ಚೆಂಡು. ಮೊದಲ ದಿನ ನಾಲ್ಕು ತಪ್ಪಿದರೂ ಚಿಂತೆಯಿಲ್ಲ.

ಮೊದಲ ಟಚ್

ಬಾಕ್ಸಿನೊಳಗಿನ ಗೋಲುಗಳಲ್ಲಿ ದೊಡ್ಡ ಪಾಲು ಒಂದೇ ಟಚ್‌ನವು. ಉಳಿದವುಗಳಲ್ಲಿ ಹೆಚ್ಚಿನವು ಎರಡು. ಮೂರನೆಯ ಟಚ್ ಹೊತ್ತಿಗೆ ಡಿಫೆಂಡರ್‌ನ ಕಾಲು ಮಧ್ಯೆ ಬಂದಿರುತ್ತದೆ. ಆದ್ದರಿಂದ ಮೊದಲ ಟಚ್‌ನ ಕೆಲಸ ಚೆಂಡನ್ನು ನಿಲ್ಲಿಸುವುದಲ್ಲ, ಒದೆಯುವ ಜಾಗಕ್ಕೆ ಕಳಿಸುವುದು: ಓರೆಯಾಗಿ ಮುಂದಕ್ಕೆ, ಒಂದರಿಂದ ಒಂದೂವರೆ ಮೀಟರ್. ಅಷ್ಟಿದ್ದರೆ ಮುಂದಿನ ಹೆಜ್ಜೆಯೇ ಊರುವ ಹೆಜ್ಜೆ, ಮರುಕ್ಷಣ ಹೊಡೆತ. ಚೆಂಡು ಕಾಲಡಿಯಲ್ಲೇ ಉಳಿದರೆ ಹೊಂದಿಸಿಕೊಳ್ಳಲು ಎರಡು ಚಿಕ್ಕ ಹೆಜ್ಜೆ ಬೇಕು. ಆ ಎರಡು ಹೆಜ್ಜೆಯಲ್ಲೇ ಚಾನ್ಸ್ ಮುಗಿಯಿತು.

ಅಭ್ಯಾಸ ಹೀಗೆ. ಪೆನಾಲ್ಟಿ ಚುಕ್ಕೆಯಲ್ಲಿ ಸ್ಟ್ರೈಕರ್, ಗೋಲಿಗೆ ಬೆನ್ನು ಹಾಕಿ. ಅವನ ಬೆನ್ನಿಗೆ ಒಂದು ಮೀಟರ್ ಹಿಂದೆ ಡಿಫೆಂಡರ್. 12 ಮೀಟರ್ ಆಚೆಯಿಂದ ನೆಲದ ಪಾಸ್. ಪಾಸ್ ಬರುವ ಮುಂಚೆ ಸ್ಟ್ರೈಕರ್ ಭುಜದ ಮೇಲಿಂದ ಎರಡು ಸಲ ಹಿಂದೆ ನೋಡಬೇಕು: ಪಾಸ್ ಕೊಡುವವನು ತಲೆ ಎತ್ತಿದಾಗ ಒಮ್ಮೆ, ಚೆಂಡು ಹೊರಟ ಮೇಲೆ ಇನ್ನೊಮ್ಮೆ. ಡಿಫೆಂಡರ್ ಎಡಕ್ಕಿದ್ದರೆ ಬಲಕ್ಕೆ ತಿರುಗಿ ಟಚ್, ಹೊಡೆತ. ಮೊದಲ ನಾಲ್ಕು ಬಾರಿ ಡಿಫೆಂಡರ್ ಬರೀ ನಿಲ್ಲಲಿ, ಮುಂದಿನ ನಾಲ್ಕರಲ್ಲಿ ಚೆಂಡು ತಗಲಿದ ಮೇಲೆ ಎರಗಲಿ, ಕೊನೆಯ ನಾಲ್ಕರಲ್ಲಿ ಪೂರ್ತಿ ಆಡಲಿ. ಒಂದು ಬಿಡುವು ಕೊಟ್ಟು ಪಾತ್ರ ಬದಲಿಸಿ. ಹದಿನಾಲ್ಕು ಜನರಿದ್ದರೆ ಎರಡು ಗೋಲು ಬಳಸಿ, ಒಂದೇ ಗೋಲಿದ್ದರೆ ಎರಡು ಬಿದಿರು ಗಳ ನೆಟ್ಟು ಇನ್ನೊಂದು ಮಾಡಿ. ಸಾಲು ನಾಲ್ವರನ್ನು ದಾಟಬಾರದು.

ಕಟ್‌ಬ್ಯಾಕ್: ಹೆಚ್ಚು ಹೊತ್ತು ಕೊಡಬೇಕಾದ್ದು ಇದಕ್ಕೆ

ವಿಂಗರ್ (ಮೈದಾನದ ಅಂಚಿನಲ್ಲಿ ಆಡುವ ಮುಂಚೂಣಿ ಆಟಗಾರ) ಗೋಲ್‌ಲೈನಿನವರೆಗೆ ಹೋಗಿ ಚೆಂಡನ್ನು ಹಿಂದಕ್ಕೆ ಎಳೆದು ಕೊಟ್ಟಾಗ ಡಿಫೆಂಡರ್‌ಗಳೆಲ್ಲ ತಮ್ಮ ಗೋಲಿನತ್ತ ಮುಖ ಮಾಡಿ ಓಡುತ್ತಿರುತ್ತಾರೆ, ಕೀಪರ್ ಹತ್ತಿರದ ಪೋಸ್ಟಿಗೆ ಅಂಟಿಕೊಂಡಿರುತ್ತಾನೆ. ಪೆನಾಲ್ಟಿ ಚುಕ್ಕೆಯ ಸುತ್ತ ಬಯಲು. ಆದರೂ ಇಂಥ ಚೆಂಡು ವ್ಯರ್ಥವಾಗುತ್ತದೆ, ಏಕೆಂದರೆ ಸ್ಟ್ರೈಕರ್ ಕೂಡ ಎಲ್ಲರ ಜೊತೆ ಗೋಲಿನತ್ತ ಓಡಿ ಹೋಗಿರುತ್ತಾನೆ. ಚೆಂಡು ಅವನ ಬೆನ್ನ ಹಿಂದೆ ಹಾಯುತ್ತದೆ.

ವಿಂಗರ್ ಬಾಕ್ಸಿನ ಪಕ್ಕದ ಗೆರೆಯ ಹೊರಗೆ, ಗೋಲ್‌ಲೈನಿನಿಂದ 20 ಮೀಟರಿನಲ್ಲಿ ನಿಲ್ಲಲಿ. ಬಾಕ್ಸಿನ ಅಂಚಿನಲ್ಲಿ ಇಬ್ಬರು ಸ್ಟ್ರೈಕರ್, ಅವರಿಗಿಂತ ಒಂದು ಮೀಟರ್ ಗೋಲಿನ ಕಡೆಗೆ ಒಬ್ಬ ಡಿಫೆಂಡರ್, ಗೋಲಿನಲ್ಲಿ ಕೀಪರ್. ವಿಂಗರ್ ಹೊರಟೊಡನೆ ಒಬ್ಬ ಸ್ಟ್ರೈಕರ್ ಹತ್ತಿರದ ಪೋಸ್ಟಿಗೆ ಜೋರಾಗಿ ಓಡುತ್ತಾನೆ. ಚೆಂಡು ಸಿಗದಿದ್ದರೂ ಸರಿ, ಡಿಫೆಂಡರ್‌ನನ್ನು ಎಳೆದೊಯ್ಯುವುದೇ ಅವನ ಕೆಲಸ. ಎರಡನೆಯವನು ಮೂರು ಹೆಜ್ಜೆ ಓಡಿ ತಟ್ಟನೆ ನಿಂತು, ಒಂದೆರಡು ಮೀಟರ್ ಹಿಂದೆ ಸರಿಯುತ್ತಾನೆ. ಗೋಲ್‌ಲೈನಿನಿಂದ 9 ಮೀಟರಿಗೆ ಒಂದು ಗೆರೆ ಎಳೆದಿಡಿ. ವಿಂಗರ್‌ನ ಕಾಲಿನಿಂದ ಚೆಂಡು ಬಿಡುವವರೆಗೆ ಎರಡನೆಯವನು ಆ ಗೆರೆ ದಾಟುವಂತಿಲ್ಲ. ಈ ಒಂದು ನಿಯಮದಿಂದಲೇ ಅರ್ಧ ಸಮಸ್ಯೆ ತೀರುತ್ತದೆ.

ಎರಡನೆಯವನು ಚೆಂಡಿನತ್ತ ಓಟ ಶುರುಮಾಡಲು ಸಂಕೇತ ವಿಂಗರ್‌ನ ತಲೆ. ಕೊನೆಯ ಟಚ್ ತುಸು ಉದ್ದ ತಳ್ಳಿ ತಲೆ ತಗ್ಗಿಸಿದನೆಂದರೆ ಪಾಸ್ ಬಂತೆಂದೇ ಅರ್ಥ. ಎಡಗಡೆಯಿಂದ ಬಂದ ಚೆಂಡನ್ನು ಮೈಮುಂದೆ ಹಾಯಲು ಬಿಟ್ಟು ಬಲಗಾಲಿನ ಒಳಬದಿಯಿಂದ ತಿರುಗಿಸಿದರೆ ಎರಡೂ ಪೋಸ್ಟ್ ಕೈಯಲ್ಲಿರುತ್ತವೆ. ಡಿಫೆಂಡರ್ ಹತ್ತಿರವಿದ್ದರೆ ಕಾಯುವ ಹೊತ್ತಿಲ್ಲ, ಎಡಗಾಲೇ ಸರಿ. ವೀಕ್ ಫುಟ್ (ಅಷ್ಟಾಗಿ ಪಳಗದ ಕಾಲು) ಅಭ್ಯಾಸಕ್ಕೂ ಇದೇ ಜಾಗ: ಎಂಟು ಮೀಟರಿನಿಂದ, ಉರುಳಿ ಬರುವ ಚೆಂಡಿಗೆ, ಒಟ್ಟು ಹೊಡೆತಗಳಲ್ಲಿ ಮೂರರಲ್ಲೊಂದು. ಬಾಕ್ಸಿನ ಹೊರಗಿಂದ ಆಗದ ಕಾಲಿನಲ್ಲಿ ಬಲ ಹಾಕಿಸುವುದು ತೊಡೆಸಂದಿಗೆ ನೋವು ತರಿಸುತ್ತದೆ, ಅಷ್ಟೆ.

ಎಡಗಡೆಯಿಂದ ಆರು, ಬಲಗಡೆಯಿಂದ ಆರು, ನಡುವೆ 90 ಸೆಕೆಂಡ್ ವಿರಾಮ, ಮತ್ತೊಮ್ಮೆ. ಮುಗಿಯಲು 25 ನಿಮಿಷ. ವಾರ್ಮ್‌ಅಪ್ ಆದ ತಕ್ಷಣ ಮಾಡಿಸಿ, ಓಡಿಸಿ ಸುಸ್ತು ಮಾಡಿದ ಮೇಲಲ್ಲ. 16ರೊಳಗಿನವರಿಗೆ ಒಂದು ದಿನಕ್ಕೆ ಬಲವಾದ ಹೊಡೆತ 30-40 ದಾಟದಿರಲಿ. ಬೆಳೆಯುವ ಮೂಳೆ, ಮಂಡಿಯ ಕೆಳಗಿನ ಗಂಟು ನೋಯುತ್ತಿದೆ ಎಂದರೆ ಅಂದು ಒಳಬದಿಯ ಪಾಸಿಗಷ್ಟೇ ಬಿಡಿ.

ಕೀಪರ್ ಎದುರು ಒಬ್ಬನೇ

ಇಲ್ಲಿ ಕೆಡಿಸುವುದು ಎರಡು. ಒಂದು, ಚೆಂಡನ್ನು ಎರಡು ಮೀಟರಿಗಿಂತ ಹೆಚ್ಚು ಮುಂದೆ ತಳ್ಳುವುದು. ಆ ಚೆಂಡು ಕೀಪರ್‌ನದ್ದೇ. ಇನ್ನೊಂದು, ಕೀಪರ್‌ಗೆ ತೀರಾ ಹತ್ತಿರ ಹೋಗುವುದು. ಎರಡು ಮೀಟರಿನಲ್ಲಿ ಕೈಚಾಚಿ ನಿಂತ ಕೀಪರ್ ಗೋಲನ್ನೇ ಮುಚ್ಚಿಬಿಡುತ್ತಾನೆ. ನಾಲ್ಕೈದು ಮೀಟರ್ ಅಂತರವಿರುವಾಗಲೇ, ಕೀಪರ್ ಇನ್ನೂ ಓಡುತ್ತಿರುವಾಗಲೇ ಅವನ ಪಾದದ ಪಕ್ಕದಿಂದ ನೆಲಕ್ಕೆ ಹೊಡೆಯಬೇಕು. ಓಡುವವನಿಗೆ ಬೀಳುವುದು ಕಷ್ಟ. ಅವನು ನಿಂತು ಕಾದರೆ ಪಕ್ಕಕ್ಕೆ ಉದ್ದ ಟಚ್ ಕೊಟ್ಟು ದಾಟಬಹುದು. ಮೊದಲೇ ನೆಲಕ್ಕೆ ಮಲಗಿಬಿಟ್ಟರೆ ಮಾತ್ರ ಚಿಪ್, ಅಂದರೆ ಚೆಂಡನ್ನು ಅವನ ಮೇಲಿಂದ ಎತ್ತಿ ಹಾಕುವುದು. 25 ಮೀಟರಿನಿಂದ ಶುರು ಮಾಡಿಸಿ, ಐದು ಮೀಟರ್ ಹಿಂದಿನಿಂದ ಡಿಫೆಂಡರ್ ಬೆನ್ನಟ್ಟಲಿ. ಬೆನ್ನಟ್ಟುವವನ ಒತ್ತಡವಿಲ್ಲದೆ ಮಾಡಿದರೆ ಇದು ಬರೀ ಆಟ.

ಕೀಪರ್‌ಗಳ ಬಗ್ಗೆ ಒಂದು ಮಾತು. ಸತತ ಎಂಬತ್ತು ಹೊಡೆತ ಎದುರಿಸಿದ ಹುಡುಗ ಕೊನೆಗೆ ಬೀಳುವುದನ್ನೇ ಬಿಡುತ್ತಾನೆ. ಸ್ಟ್ರೈಕರ್‌ಗಳು ಖುಷಿಯಿಂದ ಗೋಲು ಹೊಡೆಯುತ್ತಾರೆ, ಭಾನುವಾರ ಮ್ಯಾಚಿನಲ್ಲಿ ಅದೇ ಹೊಡೆತ ಕೀಪರ್ ಕೈಸೇರುತ್ತದೆ. ಇಬ್ಬರು ಕೀಪರ್ ಇರಲಿ, ಹತ್ತು ಹೊಡೆತಕ್ಕೊಮ್ಮೆ ಬದಲಾಗಲಿ.

ಹೆಡರ್ ಬಗ್ಗೆ ಚುಟುಕಾಗಿ: ಹಣೆಯಿಂದ, ಕಣ್ಣು ತೆರೆದು, ಬಲ ಸೊಂಟದಿಂದ, ಚೆಂಡು ನೆಲದತ್ತ. ಎತ್ತರವಿಲ್ಲದವರು ಇದನ್ನು ಬಿಟ್ಟುಬಿಡಬೇಕಿಲ್ಲ. ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ ಎತ್ತರದ ಆಟಗಾರರಲ್ಲ. 2025ರ ಮಾರ್ಚಿನಲ್ಲಿ ಮಾಲ್ಡೀವ್ಸ್ ವಿರುದ್ಧ ಭಾರತಕ್ಕಾಗಿ ಅವರು ಹೊಡೆದ 95ನೇ ಗೋಲು ಹೆಡರ್. ಅವರದು ತಡವಾಗಿ ಹೊರಟು ಸರಿಯಾದ ಹೊತ್ತಿಗೆ ಜಿಗಿಯುವ ಕಲೆ. ಅಮೆರಿಕದ ಫುಟ್‌ಬಾಲ್ ಸಂಸ್ಥೆ 2015ರಲ್ಲೇ 10 ಮತ್ತು ಅದಕ್ಕಿಂತ ಕೆಳಗಿನ ವಯಸ್ಸಿನವರಿಗೆ ಹೆಡಿಂಗ್ ನಿಷೇಧಿಸಿದೆ. ದೊಡ್ಡವರಿಗೂ ದಿನಕ್ಕೆ ಹತ್ತು ಸಾಕು, ಕೈಯಿಂದ ಎಸೆದ ಚೆಂಡಿನಿಂದಲೇ ಆರಂಭಿಸಿ.

ನೆಲ ಮತ್ತು ಮಳೆ

ಬೇಸಿಗೆಯ ಕೆಂಪು ಮಣ್ಣಿನಲ್ಲಿ ಚೆಂಡು ಕೊನೇ ಗಳಿಗೆಯಲ್ಲಿ ಛಂಗನೆ ಪುಟಿಯುತ್ತದೆ. ಇಂಥ ಕಡೆ ಕಾಲು ಹಿಂದಕ್ಕೆ ಎತ್ತುವುದನ್ನು ಅರ್ಧಕ್ಕೆ ಇಳಿಸಿ, ಮೊಣಕಾಲು ಚೆಂಡಿನ ಮೇಲೆ ಇರಲಿ, ಲೇಸಿಗಿಂತ ಅಗಲವಾದ ಒಳಬದಿಯೇ ಸುರಕ್ಷಿತ. ಮಳೆ ಬಿದ್ದ ಹುಲ್ಲಿನಲ್ಲಿ ಕೀಪರ್‌ನ ಮುಂದೆ ಒಂದು ಮೀಟರಿಗೆ ನೆಲ ಮುಟ್ಟುವ ಹೊಡೆತ ಜಾರಿ ವೇಗ ಹಿಡಿಯುತ್ತದೆ, ಕೈಯಿಂದ ಚಿಮ್ಮುತ್ತದೆ. ಇನ್ನೊಬ್ಬ ರೀಬೌಂಡಿಗೆ ಓಡಲೇಬೇಕು. ನೀರು ನಿಂತ ಕಡೆ ನೆಲದ ಪಾಸ್ ಸತ್ತೇ ಹೋಗುವುದರಿಂದ ಅಂದು ಕಟ್‌ಬ್ಯಾಕ್ ಬಿಟ್ಟು ಕ್ರಾಸ್ (ಪಕ್ಕದಿಂದ ಗಾಳಿಯಲ್ಲಿ ಕಳಿಸುವ ಪಾಸ್) ಮಾಡಿಸಿ.

ವಾರದ ಕೊನೆಯ ಅಭ್ಯಾಸಕ್ಕೆ 30 ಮೀಟರ್ ಉದ್ದ, 25 ಮೀಟರ್ ಅಗಲದಲ್ಲಿ ಎರಡು ಪೂರ್ಣ ಗೋಲು ಇಟ್ಟು ನಾಲ್ವರ ವಿರುದ್ಧ ನಾಲ್ವರು, ಜೊತೆಗೆ ಕೀಪರ್. ಒಂದೇ ಟಚ್‌ನಲ್ಲಿ ಹೊಡೆದರೆ ಎರಡು ಅಂಕ, ರೀಬೌಂಡಿಗೂ ಎರಡು. ಈ ಬೋನಸ್ ಎಂಟು ನಿಮಿಷ ಮೀರಿದರೆ ಸಿಕ್ಕಸಿಕ್ಕ ಚೆಂಡಿಗೆಲ್ಲ ಕಾಲು ಬೀಸತೊಡಗುತ್ತಾರೆ, ಆಗ ತೆಗೆದುಬಿಡಿ. ಗೆರೆಯಾಚೆ ನಿಂತು "ಹೊಡೀ, ಹೊಡೀ" ಎಂದು ಕೂಗುವ ಕೋಚ್ ಆಟಗಾರನ ನಿರ್ಧಾರವನ್ನು ತಾನೇ ಕಸಿದುಕೊಳ್ಳುತ್ತಾರೆ ಎನ್ನುವುದೂ ನೆನಪಿರಲಿ.

ಮ್ಯಾಚಿನಲ್ಲಿ ಒಂದು ನೋಟ್‌ಬುಕ್ ಹಿಡಿಯಿರಿ. ಪ್ರತಿ ಪುಟದಲ್ಲಿ ಬಾಕ್ಸಿನ ನಕ್ಷೆ. ಹೊಡೆತದ ಜಾಗಕ್ಕೆ ಚುಕ್ಕೆ, ಪಕ್ಕದಲ್ಲಿ ಯಾವ ಕಾಲು, ಎಷ್ಟು ಟಚ್, ಗೋಲಿನ ಒಳಗೋ ಹೊರಗೋ. ದೊಡ್ಡ ಲೀಗುಗಳಲ್ಲೂ ಸರಾಸರಿ ಹತ್ತು ಹೊಡೆತಕ್ಕೆ ಗೋಲು ಒಂದೇ, ಪೆನಾಲ್ಟಿಯೂ ನಾಲ್ಕರಲ್ಲಿ ಮೂರು. ಹಾಗಾಗಿ ಮೂರು ಮ್ಯಾಚ್ ಗೋಲಿಲ್ಲದ ಹುಡುಗನನ್ನು ಬೆಂಚಿಗೆ ಕೂರಿಸುವ ಮುನ್ನ ಚುಕ್ಕೆಗಳನ್ನು ನೋಡಿ. ಮೊದಲು ಎಳೆದ 14 ಮೀಟರಿನ ಆಯದೊಳಗೆ ಮೂರು ನಾಲ್ಕು ಚುಕ್ಕೆ ಬೀಳುತ್ತಿವೆಯೇ? ಅವನು ಸರಿಯಾಗಿಯೇ ಆಡುತ್ತಿದ್ದಾನೆ, ಕೈ ಹಾಕಬೇಡಿ. ಚುಕ್ಕೆಗಳೆಲ್ಲ ಬಾಕ್ಸಿನ ಹೊರಗಿದ್ದರೆ ಕಾಲಿಗಲ್ಲ, ಆಯ್ಕೆಗೆ ಕೆಲಸ ಕೊಡಿ. ಚುಕ್ಕೆಯೇ ಇಲ್ಲದಿದ್ದರೆ ಮತ್ತೆ ಕಟ್‌ಬ್ಯಾಕಿನ 9 ಮೀಟರ್ ಗೆರೆಗೆ, ಓಟದ ಸಮಯಕ್ಕೆ.

ಮ್ಯಾಚಿನ ದಿನ ಹೊಸದೇನನ್ನೂ ಕಲಿಸಬೇಡಿ. ಒಬ್ಬೊಬ್ಬರಿಗೆ ಎಂಟು ಚೆಂಡು: ನಾಲ್ಕು ಒಳಬದಿಯಿಂದ ಎಂಟು ಮೀಟರಿನಿಂದ, ಎರಡು ಕಟ್‌ಬ್ಯಾಕ್, ಒಂದು ವೀಕ್ ಫುಟ್, ಕೊನೆಯದು ಐದು ಮೀಟರಿನಿಂದ ಖಾಲಿ ಗೋಲಿಗೆ. ಬಲೆ ಅಲುಗಾಡಿದ ಮೇಲೆ ನೀರು ಕುಡಿಸಿ ಬಿಬ್ ತೆಗೆಸಿ.